ಕಾಯಿಲ್‌ಗೆ ಕಟ್ಟಿದ ಸುಣ್ಣ

ನಮ್ಮೂರಿನ ನಲ್ಲಿ ನೀರನ್ನು ಬೈಯದೆ ದಿನ ಶುರು ಮಾಡುವ ಮನೆ ಒಂದೂ ಇಲ್ಲ. ಕೆಟಲಿನ ತಳದಲ್ಲಿ ಸುಣ್ಣ, ಲೋಟದ ಮೇಲೆ ಬಿಳಿ ಕಲೆ, ಸೋಪು ನೊರೆ ಬರುವ ಹೊತ್ತಿಗೆ ತೋಳು ಸೋತಿರುತ್ತದೆ. ನಮ್ಮ ಈ ದೊಬ್ರುಜಾ ಸೀಮೆಯ ನೆಲವೇ ಸುಣ್ಣದ ಕಲ್ಲು, ನೀರು ಇನ್ನು ಹೇಗಿದ್ದೀತು? ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದವನು ಮಾತ್ರ ಅದೇ ನೀರಿನಿಂದ ಹೊಟ್ಟೆ ಹೊರೆಯುವ ರಾಯ್ಕೊ ಅಣ್ಣ. ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಿದಾಗಿನಿಂದ ಮನೆಮನೆಯ ಗೀಸರ್ ಬಿಚ್ಚಿ, ಕಾಯಿಲ್‌ಗೆ ಕಟ್ಟಿದ ಸುಣ್ಣ ಕೆರೆಯುವುದೇ ಅವನ ಕೆಲಸ.

"ಈ ನೀರು ಇಲ್ದಿದ್ರೆ ನಿನ್ನ ಗತಿ ಏನಾಗ್ತಿತ್ತು?" ಎಂದು ಎದುರುಮನೆ ಪೆನ್ಕಾ ಕೆಣಕುತ್ತಿದ್ದಳು.

"ಇಷ್ಟೊತ್ತಿಗೆ ಕಾಲು ಚಾಚಿ ಮಲಗಿರ್ತಿದ್ದೆ ಕಣಮ್ಮ."

ಕುಳ್ಳ ಆಳು, ಮಂಡಿ ನೋವು ಬೇರೆ. ಬಾಗಿಲಲ್ಲಿ ಶೂ ಬಿಚ್ಚಿ, ಚೀಲದಿಂದ ತನ್ನದೇ ಬಟ್ಟೆ ಚಪ್ಪಲಿ ತೆಗೆದು ಹಾಕಿಕೊಂಡೇ ಒಳಗೆ ಬರುತ್ತಿದ್ದ. ಕೂರಲು ತನ್ನದೇ ಗಿಡ್ಡ ಸ್ಟೂಲು. ಕಾಯಿಲ್ ಹೊರಗೆಳೆದೊಡನೆ ಹೆಬ್ಬೆರಳು ಒತ್ತಿ ಸುಣ್ಣದ ದಪ್ಪ ನೋಡುತ್ತಿದ್ದ. ದಪ್ಪ ಇದ್ದರೆ ಆ ಮನೆಯಲ್ಲಿ ಕೂಸು ಹುಟ್ಟಿದೆ, ದಿನಾ ಬಿಸಿನೀರು ಓಡಿದೆ. ತೆಳುವಾಗಿದ್ದರೆ ಯಾರೋ ಮನೆ ಬಿಟ್ಟು ಹೋಗಿದ್ದಾರೆ. ಎಲ್ಲ ಗೊತ್ತಾಗುತ್ತಿತ್ತು, ಆದರೆ ಬಾಯಿ ಬಿಡುತ್ತಿರಲಿಲ್ಲ.

"ಆ ವಕೀಲನ ಮನೇಲಿ ಏನು ಸಿಕ್ತು, ಹೇಳೋ," ಎಂದು ಪೆನ್ಕಾ ಪೀಡಿಸಿದರೆ ಅವನದು ಒಂದೇ ಉತ್ತರ: "ಸುಣ್ಣ."

ಇನ್ನು ನನ್ನ ವಿಷಯ. ನಾನು ಬ್ರೆಡ್ ಬೇಕರಿಯಲ್ಲಿ ಹಿಟ್ಟು ನಾದುವವಳು. ಗಂಡ ಇಲ್ಕೊ ಬಸ್ ಓಡಿಸುತ್ತಿದ್ದ. ನನಗಿಂತ ಮೊದಲು ಮನೆಗೆ ಬಂದು, ಬಚ್ಚಲು ಬಾಗಿಲ ಪಕ್ಕದ ಗೀಸರ್ ಸ್ವಿಚ್ ಒತ್ತಿಡುತ್ತಿದ್ದ. ನಾನು ಬಾಗಿಲು ತೆರೆದಾಗ ಆ ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಆ ಸ್ವಿಚ್ಚನ್ನು ನಾನು ಮುಟ್ಟಿದವಳೇ ಅಲ್ಲ. ಒಂದು ನವೆಂಬರಿನಲ್ಲಿ ಡಿಪೋದಲ್ಲೇ ಎದೆ ಹಿಡಿದುಕೊಂಡು ಇಲ್ಕೊ ಹೋಗಿಬಿಟ್ಟ. ಆಮೇಲೂ ನನ್ನ ಕೈ ಅದರ ಹತ್ತಿರ ಹೋಗಲಿಲ್ಲ. ತಣ್ಣೀರಲ್ಲಿ ಮುಖ ತೊಳೆಯುತ್ತಿದ್ದೆ, ಎಷ್ಟೋ ದಿನ ಮೈಮೇಲಿನ ಹಿಟ್ಟಿನ ಜೊತೆಗೇ ಮಲಗುತ್ತಿದ್ದೆ. ಯಾರಿಗೋಸ್ಕರ ತೊಳೆಯಬೇಕು ಅನಿಸುತ್ತಿತ್ತು. ಹೇಗಿದ್ದೀಯ ಎಂದು ಕೇಳಿದವರಿಗೆಲ್ಲ ಚೆನ್ನಾಗಿದ್ದೀನಿ ಅನ್ನುತ್ತಿದ್ದೆ.

ಎರಡು ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ನಮ್ಮ ಗೀಸರ್ ಸರದಿ. ಇಲ್ಕೊ ಸಾಯುವ ಒಂದು ತಿಂಗಳ ಮುಂಚೆ ಕಾಯಿಲ್ ಕೆರೆದು ಹೋಗಿದ್ದ ರಾಯ್ಕೊ ಅಣ್ಣ, ಎರಡು ವರ್ಷ ತುಂಬಿದಾಗ ನಾನು ಕರೆಯದಿದ್ದರೂ ಬಂದ. ಬಿಚ್ಚಿದ. ಹೆಬ್ಬೆರಳು ಇಟ್ಟವನು ಹಾಗೇ ಕೂತುಬಿಟ್ಟ. ಕಾಯಿಲ್ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳು ಪದರ, ಅಷ್ಟೇ.

"ಇದು ಒಂದು ತಿಂಗಳ ಸುಣ್ಣ, ವೆಲಿಚ್ಕಾ."

ನಾಚಿಕೆಯಿಂದ ನನ್ನ ಮುಖ ಸುಡುತ್ತಿತ್ತು.

"ಇದು ಇಲ್ಕೊ ಇದ್ದಾಗ ಕಟ್ಟಿದ್ದು. ನಾನು ಕೆರೆಯಲ್ಲ," ಎಂದವನು ಕಾಯಿಲನ್ನು ಹಾಗೇ ವಾಪಸ್ ಕೂರಿಸಿ, ನೀರು ತುಂಬಿಸಿ, ಸ್ವಿಚ್ ಒತ್ತಿದ. ಕೆಂಪು ದೀಪ ಹತ್ತಿತು. ನೀರು ಕಾಯುವವರೆಗೆ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿದ. "ಹೋಗು, ಮೈತೊಳ್ಕೊ. ನಾಳೆಯಿಂದ ನೀನೇ ಒತ್ತು. ಇಲ್ಲಾಂದ್ರೆ ನಾನೇ ಬಂದು ಒತ್ತುತ್ತೀನಿ. ಮೂರು ಮಹಡಿ, ಈ ಮಂಡಿ ಇಟ್ಕೊಂಡು. ಆ ಪಾಪ ನಿನ್ನ ತಲೆಗೆ."

ನಾನು ಒತ್ತಲಿಲ್ಲ. ಮಹರಾಯ ನಿಜವಾಗಿಯೂ ಬಂದ. ಮೂರು ದಿನ, ನಾನು ಕೆಲಸದಿಂದ ಬಂದ ಹೊತ್ತಿಗೆ ಸರಿಯಾಗಿ ಬಂದು, ಸ್ವಿಚ್ ಒತ್ತಿ ಹೋದ. ನಾಲ್ಕನೆಯ ದಿನ ಅವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವುದು ಕೇಳಿಸಿತು. ಎರಡನೆಯ ಮಹಡಿಯಲ್ಲಿ ನಿಂತ, ಸುಧಾರಿಸಿಕೊಂಡ. ನನಗೆ ತಡೆಯಲಾಗಲಿಲ್ಲ, ಓಡಿಹೋಗಿ ಒತ್ತಿಬಿಟ್ಟೆ. ಬಾಗಿಲು ತೆರೆದಾಗ ನನ್ನ ಹಿಂದೆ ಉರಿಯುತ್ತಿದ್ದ ದೀಪವನ್ನು ನೋಡಿದ.

"ಹಾಳಾದವಳೆ, ಸ್ವಲ್ಪ ಮೊದಲೇ ಒತ್ತಿದ್ರೆ ನನ್ನ ಮೆಟ್ಟಿಲು ಉಳೀತಿತ್ತಲ್ಲ," ಎಂದು ನಗುತ್ತ ಇಳಿದುಹೋದ. ಅಂದಿನಿಂದ ನಾನೇ ಒತ್ತುತ್ತಿದ್ದೇನೆ.

ಮೊನ್ನೆ ಅಕ್ಟೋಬರಿನಲ್ಲಿ ಮತ್ತೆ ನಮ್ಮ ಸರದಿ ಬಂತು. ಕಾಯಿಲ್ ಹೊರಗೆಳೆದರೆ ಬೆರಳು ದಪ್ಪ ಸುಣ್ಣ. ಜೀವಮಾನವಿಡೀ ಸುಣ್ಣ ಕಂಡರೆ ಶಪಿಸುತ್ತಿದ್ದವನ ಮುಖ ಅರಳಿತು. ಉಳಿಯಿಂದ ಮೆಲ್ಲಗೆ ತಟ್ಟಿ ಒಂದು ಚಕ್ಕೆ ಎಬ್ಬಿಸಿ, ತೊಳೆದು ನನ್ನ ಅಂಗೈಯಲ್ಲಿಟ್ಟ. ಚಕ್ಕೆಯ ಅಂಚನ್ನು ಉಗುರಿನಿಂದ ತೋರಿಸಿದ. ತಳದಲ್ಲಿ ತೆಳು ಬಿಳಿ ಗೆರೆ, ಅದರ ಮೇಲೆ ನೂಲಿನಂಥ ಕಂದು ಗೆರೆ, ಅದರ ಮೇಲೆ ದಪ್ಪನೆಯ ಬಿಳಿ.

"ಈ ತಳದ್ದು ಇಲ್ಕೊ. ಕಂದು ಇದೆಯಲ್ಲ, ಅದು ನೀರು ಸುಮ್ನೆ ನಿಂತಿದ್ದ ಆ ಎರಡು ವರ್ಷ. ಮೇಲಿನದೆಲ್ಲ ನಿಂದು. ಅವನ ಮೇಲೇ ಕಟ್ಟಿದೆ ನೋಡು."

ನಾನು ಗೊಳೋ ಎಂದು ಅತ್ತೆ. ಇಲ್ಕೊ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ರಾಯ್ಕೊ ಅಣ್ಣ ನನ್ನ ಕಡೆ ನೋಡದೆ ಉಳಿದದ್ದನ್ನು ಕೆರೆದು ಮುಗಿಸಿದ, ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಹೊರಟ. ಮೆಟ್ಟಿಲ ಬಳಿ ಪೆನ್ಕಾ ಕಾದಿದ್ದಳು.

"ವೆಲಿಚ್ಕಾ ಅಳೋದು ಕೇಳಿಸ್ತು. ಅವಳ ಮನೇಲಿ ಏನು ಸಿಕ್ತೋ?"

ಚಕ್ಕೆಯನ್ನು ಮುಷ್ಟಿಯಲ್ಲಿ ಹಿಡಿದು ನಾನು ಬಾಗಿಲ ಹಿಂದೆ ನಿಂತಿದ್ದೆ.

"ಸುಣ್ಣ," ಎಂದ ರಾಯ್ಕೊ ಅಣ್ಣ.