ಅಕ್ಕನ ಫೋನಿನಲ್ಲಿ ಮಾತ್ರ ತೆರೆದ ಪುಟ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಅವರ ಎದುರೇ ನಕ್ಕುಬಿಡುತ್ತಿದ್ದ ಮನುಷ್ಯ ನಾನು. ಮಧುಗಿರಿಯಲ್ಲಿ ಕಾರ್ಡು ಅಚ್ಚು ಹಾಕುವ ಸಣ್ಣ ಅಂಗಡಿ ನನ್ನದು. ಅಚ್ಚು ತಪ್ಪಿದರೆ ಅದು ಕೈಯ ತಪ್ಪು, ಯಂತ್ರ ನಿಂತರೆ ಅದಕ್ಕೊಂದು ಕಾರಣ, ಅದರಾಚೆ ಏನೂ ಇಲ್ಲ ಎಂದೇ ನಂಬಿದ್ದೆ. ಈಗ ಹಾಗೆ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ.

ಜನ ಕಾರ್ಡು ಹಂಚುವುದನ್ನು ಬಿಟ್ಟು ಫೋನಿನಲ್ಲೇ ಕಳಿಸತೊಡಗಿದಾಗ ನಾನೂ ಅಂಗಡಿಯ ಹೆಸರಿನಲ್ಲಿ ಒಂದು ವೆಬ್‌ಸೈಟ್ ಮಾಡಿಕೊಂಡೆ. ಮದುವೆಗೋ ಸತ್ತವರ ಶಿವಗಣಾರಾಧನೆಗೋ ಕಾರ್ಡು ಮಾಡಿಸಿದವರಿಗೆ ಅದರಲ್ಲೊಂದು ಪುಟ, ಅದರ ಲಿಂಕು ವಾಟ್ಸಾಪಿನಲ್ಲಿ. ಶಿರಾದ ಅನ್ವರ್ ಎಂಬಾತ ಸೈಟು ಕಟ್ಟಿಕೊಟ್ಟ, ನಡೆಸಿಕೊಂಡು ಹೋಗುವುದು ನನ್ನ ಹಣೆಬರಹ. ಒಂದು ದಿನ ಪರದೆ ಪೂರ್ತಿ ಬಿಳಿ, ಇನ್ನೊಂದು ದಿನ ಸೈಟು ಸುರಕ್ಷಿತವಲ್ಲ ಎಂಬ ಎಚ್ಚರಿಕೆ, ಮತ್ತೊಂದು ದಿನ ಚೆನ್ನಾಗಿದ್ದ ಪುಟವೇ ನಾಪತ್ತೆ. ಗಿರಾಕಿಗಳಿಂದ ಬೈಸಿಕೊಳ್ಳುತ್ತಲೇ ಒಂದೊಂದನ್ನೂ ಸರಿಪಡಿಸಲು ಕಲಿತೆ. ಕಲಿತ ಮೇಲೆ ಸ್ವಲ್ಪ ಜಂಬವೂ ಬಂತು.

ಆ ವರ್ಷವೇ ಪುರವರದಲ್ಲಿದ್ದ ನಮ್ಮ ಭಾವ, ಅಕ್ಕ ಗಿರಿಜಮ್ಮನ ಗಂಡ, ತೀರಿಕೊಂಡರು. ನನ್ನನ್ನು ಓದಿಸಿ ಅಂಗಡಿ ಹಾಕಿಸಿಕೊಟ್ಟವರು ಅವರು. ಕಾರ್ಡನ್ನು ನಾನೇ ಮಾಡಿದೆ. ನಮ್ಮ ಕಸುಬಿನಲ್ಲಿ ಯಾರೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಹಿಂದೆ ಸತ್ತವರ ಕಾರ್ಡನ್ನು ತೆರೆದು ಹೆಸರು, ಫೋಟೋ ಬದಲಾಯಿಸುತ್ತೇವೆ. ಅಳುತ್ತಲೇ ಬದಲಾಯಿಸಿದೆ. ಕೆಳಗೆ ‘ಇಂತಿ ದುಃಖತಪ್ತರು’ ಎಂದು ಅಕ್ಕ, ಅವಳ ಮಗಳು, ಅಳಿಯ, ನಾನು, ಹೀಗೆ ನಾಲ್ಕು ಹೆಸರು. ಅದನ್ನೇ ಸೈಟಿಗೂ ಹಾಕಿದೆ.

ನಮ್ಮಲ್ಲಿ ಸಾವಿನ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಓದಿ, ಹರಿದು, ಹೊರಗೆ ಎಸೆಯುತ್ತಾರೆ. ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು.

“ಕಾಗ್ದ ಎಲ್ರೂ ಹರಿದಾಕವ್ರೆ. ಫೋನಾಗಿರೋದ್ನ ಯಾರ್ಲಾ ಹರಿಯೋರು? ಅದು ಇರೋಗಂಟ ನಿಮ್ ಭಾವ ಹೊಸ್ಲು ದಾಟಾಕಿಲ್ಲ. ತೆಗೆದಾಕ್ಬುಡು.”

ಅವಳಿಗೆ ಬೇಕಿದ್ದುದು ಅಷ್ಟೇ, ಭಾವ ನೆಮ್ಮದಿಯಾಗಿ ಹೋಗಬೇಕು. ಅಂದೇ ಆ ಪುಟ ತೆಗೆದೆ, ಸೈಟಿನ ಕಸದ ಬುಟ್ಟಿಯಿಂದಲೂ ಅಳಿಸಿದೆ.

ವಾರವಾಗಿರಬೇಕು, ದೀಪ ಹಚ್ಚುವ ಹೊತ್ತಿಗೆ ಅಕ್ಕ ಫೋನು ಮಾಡಿದಳು. “ಲೇ, ಇನ್ನೂ ಅಂಗೇ ಐತೆ ಕಣ್ಲಾ.” ನನಗೆ ಆಶ್ಚರ್ಯವೇನೂ ಆಗಲಿಲ್ಲ. ಒಮ್ಮೆ ನೋಡಿದ ಪುಟವನ್ನು ಫೋನು ತನ್ನೊಳಗೆ ಇಟ್ಟುಕೊಂಡಿರುತ್ತದೆ, ಹೊಸಬರೆಲ್ಲ ಗಾಬರಿಯಾಗುವುದು ಅಲ್ಲೇ. ಮಾರನೆಯ ದಿನ ಪುರವರಕ್ಕೆ ಹೋಗಿ ಅದನ್ನು ಕೈಯಾರೆ ಅಳಿಸಿದೆ. ಲಿಂಕು ಒತ್ತಿದರೆ ‘ಪುಟ ಸಿಗಲಿಲ್ಲ’ ಎಂದು ಬಂತು. ಅಕ್ಕ ಕಣ್ಣೊರೆಸಿಕೊಂಡು ಕಾಫಿ ಕೊಟ್ಟಳು.

ನಾಲ್ಕು ದಿನಕ್ಕೆ ಮತ್ತೆ ಅದೇ ಹೊತ್ತಿಗೆ ಫೋನು. ಈ ಸಲ ಅವಳು ಅಳುತ್ತಿದ್ದಳು. ಬೈಕು ಹತ್ತಿ ಹೋದೆ. ಪಡಸಾಲೆಯಲ್ಲಿ ಕೂತು ಲಿಂಕು ಒತ್ತಿದೆ. ಭಾವನ ಫೋಟೋ, ವಿಭೂತಿ, ಕೆಳಗೆ ನಾನು ಹಾಕಿದ್ದ ಅದೇ ಅಕ್ಷರಗಳು. ನನ್ನ ಫೋನಿನಲ್ಲಿ ಅದೇ ಲಿಂಕಿಗೆ ‘ಪುಟ ಸಿಗಲಿಲ್ಲ’. ಅಕ್ಕನ ಫೋನಿನ ನೆಟ್ ಆರಿಸಿದೆ, ಪುಟ ತೆರೆಯಲಿಲ್ಲ. ಹಚ್ಚಿದೆ, ತೆರೆಯಿತು. ಫೋನಿನೊಳಗೇ ಉಳಿದಿದ್ದರೆ ನೆಟ್ ಇಲ್ಲದೆಯೂ ಕಾಣಬೇಕಿತ್ತಲ್ಲ. ಹಾಗಾದರೆ ಅದು ಹೊರಗಿನಿಂದ ಬರುತ್ತಿತ್ತು. ಎಲ್ಲಿಂದ?

ಅನ್ವರ್‌ಗೆ ಫೋನು ಮಾಡಿದೆ. ಹತ್ತು ನಿಮಿಷ ಹುಡುಕಿ ಹೇಳಿದ, “ಸರ್ವರ್‌ನಲ್ಲಿ ಆ ಪೇಜೇ ಇಲ್ಲ ಭಾಯ್. ಬ್ಯಾಕಪ್ಪಲ್ಲೂ ನೋಡ್ದೆ. ನೀವು ಬೇರೆ ಯಾವ್ದೋ ನೋಡ್ತಾ ಇದೀರಾ.”

ಬೇರೆಯೇ ಇರಬಹುದೆಂದು ಮೇಲಿನಿಂದ ಕೆಳಗಿನವರೆಗೆ ಓದಿದೆ. ಎಲ್ಲ ಸರಿಯಾಗಿತ್ತು. ‘ಇಂತಿ ದುಃಖತಪ್ತರು’ ಎಂಬುದರ ಕೆಳಗೆ ಮಗಳು, ಅಳಿಯ, ನಾನು. ಮೂರೇ ಹೆಸರು. ಅಕ್ಕನ ಹೆಸರಿರಲಿಲ್ಲ.

ಆ ಪಟ್ಟಿಗೆ ನಾವು ಹಾಕುವುದು ಬದುಕಿರುವವರ ಹೆಸರನ್ನು ಮಾತ್ರ. ಅಕ್ಕ ಬಾಗಿಲ ಬಳಿ ನಿಂತು, “ಏನಾಗೈತ್ಲಾ?” ಎಂದಳು. “ಏನಿಲ್ಲಕ್ಕ, ಎರರ್ರು,” ಎಂದೆ. ವಾಟ್ಸಾಪಿನಲ್ಲಿದ್ದ ಲಿಂಕನ್ನೇ ಅಳಿಸಿ, ಫೋನನ್ನು ಅವಳ ಕೈಗಿಟ್ಟು, ಭಾವ ಹೊರಟರು ಎಂದು ಸುಳ್ಳು ಹೇಳಿದೆ. ಅವಳು ತಲೆಯಾಡಿಸಿದಳು.

ಅಂಗಡಿಗೆ ಬಂದು ಭಾವನ ಕಾರ್ಡಿನ ಕಡತ ತೆಗೆದು ನೋಡಿದೆ. ಹೆಸರು ಬದಲಾಯಿಸುವಾಗ ನಾನೇ ಒಂದನ್ನು ಬಿಟ್ಟಿರಬೇಕು ಎಂದು ದೇವರಲ್ಲಿ ಬೇಡಿಕೊಳ್ಳುತ್ತಲೇ ತೆಗೆದೆ. ನಾಲ್ಕೂ ಹೆಸರಿದ್ದವು, ಅಕ್ಕನದೇ ಮೊದಲು.

ಎರಡು ತಿಂಗಳಿಗೆ ಅಕ್ಕ ಹೋದಳು. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಇದಕ್ಕೂ ಅದಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ, ಇಲ್ಲವೆನ್ನಲೂ ಬಾಯಿ ಬರುವುದಿಲ್ಲ. ಅವತ್ತೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಬಹುದಿತ್ತು. ನಕ್ಕಾರೆಂಬ ನಾಚಿಕೆಗೆ ಯಾರಿಗೂ ಹೇಳದೆ ಸುಮ್ಮನಿದ್ದೆ. ಆ ಪಾಪ ನನ್ನದೇ.

ಇನ್ನೊಂದು ವಿಷಯ ಬಹಳ ದಿನ ಕಳೆದ ಮೇಲೆ ಹೊಳೆಯಿತು. ಅಕ್ಕ ಏಳನೇ ಕ್ಲಾಸು ಓದಿದವಳು, ಬಸ್ಸಿನ ಬೋರ್ಡನ್ನೂ ಬಿಡದೆ ಓದುವವಳು. ಆ ಪುಟವನ್ನು ನನಗಿಂತ ಮೊದಲು ಅದೆಷ್ಟು ಸಂಜೆ ತೆರೆದು ನೋಡಿದ್ದಳೋ. ತನ್ನ ಹೆಸರು ಇಲ್ಲದ್ದು ಅವಳಿಗೆ ಕಾಣದೆ ಇದ್ದೀತೇ? ಅದರ ಬಗ್ಗೆ ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಭಾವನನ್ನು ಕಳಿಸಿಕೊಡು ಎಂದಷ್ಟೇ ಕೇಳಿದಳು.