ನಡುವಿನ ಸೀಟು

ಮೊನ್ನೆ ಬೆಳಿಗ್ಗೆ ಕಾಫಿ ಆರಿಹೋದರೂ ನಾನು ಮೊಬೈಲ್ ಕೆಳಗಿಡಲಿಲ್ಲ. ಅದರ ವಿಡಿಯೋದಲ್ಲಿ ಯಾರೋ ಒಂದು ಹಳೆಯ ಇಂಗ್ಲಿಷ್ ಕಾರಿನ ಹಿಂಬದಿ ಮುಚ್ಚಳ ಎತ್ತಿದ್ದರು. ಎಂಜಿನಿನ ಗೂಡಿಗೆಲ್ಲ ತೆಳ್ಳಗಿನ ಚಿನ್ನದ ಹಾಳೆ. ಒಳಗೆ ಮೂರೇ ಸೀಟು, ಡ್ರೈವರನದು ನಟ್ಟನಡುವೆ. ನನಗೆ ನೆನಪಾದದ್ದು ನಮ್ಮ ಹಮೀದಾಕ.

ಹಮೀದಾಕ ಗಲ್ಫಿನಲ್ಲಿ ಯಾರೋ ಸಾಹುಕಾರನ ಕಾರುಗಳನ್ನು ತೊಳೆದು ಒರೆಸಿ, ಊರಿಗೆ ಮರಳಿ ಕಡಬದಲ್ಲಿ, ಬಸ್ಸಿನ ಹಾಗೆ ಜನ ಸಾಗಿಸುವ ಸರ್ವಿಸ್ ಜೀಪು ಇಟ್ಟವರು. ಆ ಜೀಪುಗಳಲ್ಲಿ ನೀವು ಕೂತಿದ್ದರೆ ಗೊತ್ತಿರುತ್ತದೆ: ಎಷ್ಟು ತುಂಬಿದರೂ ಡ್ರೈವರನ ಬಲಗಡೆ ಇನ್ನೊಬ್ಬನಿಗೆ ಜಾಗ ಉಂಟು. ಡ್ರೈವರ್ ಒಳಗೆ ಸರಿಯುತ್ತಾನೆ. ಹಾಗೆ ಹತ್ತಿದ ಪುಣ್ಯಾತ್ಮ ಅರ್ಧ ಒಳಗೆ, ಅರ್ಧ ಹೊರಗೆ. ಕಾಲೇಜಿಗೆ ಹೋಗುವಾಗ ಅದು ನನ್ನ ಕಾಯಂ ಸೀಟಾಗಿತ್ತು.

"ಲೋಕದ ದೊಡ್ಡ ಗಾಡಿಯಲ್ಲಿಯೂ ಡ್ರೈವರ್ ಹೀಗೇ ನಡುವೆ ಕೂರುದು ಮಾರಾಯ," ಎಂದರು ಒಮ್ಮೆ ಹಮೀದಾಕ, ತಾನು ಗಲ್ಫಿನಲ್ಲಿ ಒರೆಸಿದ ಒಂದು ಕಾರನ್ನು ನೆನೆದು. "ಭಾರ ಆಗ್ತದೆ ಅಂತ ಪವರ್ ಸ್ಟೇರಿಂಗ್ ಕೂಡ ಇಟ್ಟಿಲ್ಲ. ಎಂಜಿನಿನ ಬಿಸಿ ತಡಿಲಿಕ್ಕೆ ಚಿನ್ನ. ರೇಸಿನದ್ದಲ್ಲ, ನಂಬರ್ ಪ್ಲೇಟ್ ಉಂಟು, ರೋಡಲ್ಲೇ ಹೋಗುದು."

"ಹಾಗಾದ್ರೆ ಈ ಜೀಪಿಗೂ ಹೆಂಡತಿಯ ಬಳೆ ಕರಗಿಸಿ ಹೊದೆಸಿ," ಎಂದರು ಹಿಂದೆ ಕೂತಿದ್ದ ರಬ್ಬರ್ ತೋಟದ ಗೌಡರು.

ಜೀಪಿಗೆ ಜೀಪೇ ನಕ್ಕಿತು. ಅಂದಿನಿಂದ ಅವರು 'ಚಿನ್ನದ ಹಮೀದಾಕ'. ಹೊಳೆಯ ನೀರು ಸೇತುವೆಯ ಮೇಲೆ ಬಂದಿದೆ ಎಂದು ಅವರು ಹೇಳಿದರೂ, "ಚಿನ್ನದ ನೀರಾ?" ಎಂದು ಜನ ಕೇಳುವರು. ಮೆಲ್ಲಮೆಲ್ಲನೆ ಅವರು ಗಲ್ಫಿನ ಸುದ್ದಿಯನ್ನೇ ಬಿಟ್ಟರು. ಪಕ್ಕದಲ್ಲಿ ಕೂತ ನನಗೆ ಬೇಸರವಾಗುತ್ತಿತ್ತು, ಆದರೆ ಆ ಸೀಟಿನಲ್ಲಿ ಕೂತವನಿಗೆ ಬೀಳದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಮೊನ್ನೆಯೇ ಕಡಬಕ್ಕೆ ಹೋದೆ. ಜೀಪು ಮಾರಿ ಎಷ್ಟೋ ಕಾಲವಾದ ಹಮೀದಾಕ ಜಗಲಿಯಲ್ಲಿದ್ದರು. ಮೊಬೈಲಿನಲ್ಲಿ ಆ ಕಾರು ತೋರಿಸಿ, ಎಷ್ಟು ಹೊಸ ಕಾರು ಬಂದರೂ ಇದರ ಬೆಲೆ ಏರುತ್ತಲೇ ಇದೆಯಂತೆ, ಕೋಟಿಗಟ್ಟಲೆಯಂತೆ ಎಂದೆ. ಅವರಿಗೆ ಬೆಲೆ ಬೇಡವಾಗಿತ್ತು. "ಸೌಂಡ್ ಜೋರು ಮಾಡು," ಎಂದು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹೆಂಡತಿಯನ್ನು ಕರೆದರು.

ಆಮಿನಮ್ಮ ಕೈ ಒರೆಸಿಕೊಂಡು ಬಂದು ನೋಡಿದರು. "ಓ, ಇದು ನಿಜವಾಗಿಯೂ ಉಂಟಾ?"

"ನೀನೂ ನಂಬಿರ್ಲಿಲ್ವಾ?"

"ನಿಮ್ಮನ್ನು ನಂಬಿದ್ದೆ. ಗಾಡಿಯನ್ನು ನಂಬ್ಲಿಲ್ಲ."

ಹಮೀದಾಕ ನನ್ನತ್ತ ತಿರುಗಿ ಕೇಳಿದರು: "ಆ ಗೌಡರು ಇದ್ದಾರಾ ಈಗ?"

"ಇಲ್ಲ, ತೀರಿಹೋದ್ರು."

"ಛೆ, ಪಾಪ," ಎಂದರು. "ಅವರು ನೋಡ್ಬೇಕಿತ್ತು."

ಮರಳುವಾಗ ಸಿಕ್ಕಿದ ಸರ್ವಿಸ್ ಜೀಪು ಕಿಕ್ಕಿರಿದಿತ್ತು. ಡ್ರೈವರ್ ಒಳಗೆ ಸರಿದು ಬಲಗಡೆ ತೋರಿಸಿದ. ಈ ಪ್ರಾಯಕ್ಕೆ ಬೇಡವಿತ್ತು, ಆದರೂ ಹತ್ತಿದೆ. "ಲೋಕದ ದೊಡ್ಡ ಗಾಡಿಯಲ್ಲಿಯೂ ಡ್ರೈವರ್ ಹೀಗೇ ನಡುವೆ ಕೂರುದು, ಗೊತ್ತುಂಟಾ?" ಎಂದೆ.

"ಬಿಡಿ ಮಾರಾಯ್ರೆ," ಎಂದು ಅವನು ನಕ್ಕ. ಹಿಂದಿನವರೂ ನಕ್ಕರು.

ಮೊಬೈಲ್ ಕಿಸೆಯಲ್ಲೇ ಇತ್ತು. ತೆಗೆದು ತೋರಿಸೋಣವೆಂದರೆ, ಎರಡು ಕೈಯಲ್ಲೂ ಜೀಪಿನ ಕಂಬಿ ಹಿಡಿದಿದ್ದೆ.