ಟವೆಲ್ ಹಾಸಿದ ಸೇನಾಪತಿ

ತೊಂಬತ್ತಾರನೇ ಇಸವಿಯಲ್ಲಿ ಬಂಗಾರಪೇಟೆಯ ಕಂಪ್ಯೂಟರ್ ಸೆಂಟರೊಂದರಲ್ಲಿ ನಾನು ಟೈಪಿಂಗ್ ಹೇಳಿಕೊಡುತ್ತಿದ್ದೆ, ಊರಿಗಾಂನ ಕನಕಮ್ಮ ಕಂಪ್ಯೂಟರ್ ಹೇಳಿಕೊಡುತ್ತಿದ್ದಳು. ಪಾಠ ಮುಗಿದ ಮೇಲೆ ಅವಳು ಅದೇ ಕಂಪ್ಯೂಟರಿನಲ್ಲಿ ಯುದ್ಧದ ಆಟವೊಂದನ್ನು ಕಟ್ಟುತ್ತಿದ್ದಳು. ಪಾಳೇಗಾರರ ಕಾಲದ ಕೋಟೆಗಳು, ಕುದುರೆಗಳು, ಸೇನಾಪತಿಗಳು. ಮದುವೆಯಾಗಬೇಕಾದ ಹುಡುಗಿಗೆ ಇದೇನು ಹುಚ್ಚೋ ಎಂದು ನಾನು ಆಡಿಕೊಳ್ಳುತ್ತಿದ್ದೆ.

ಮೊದಲು ಅವಳ ಸೇನಾಪತಿಗಳೆಲ್ಲ ಒಂದೇ ಅಚ್ಚಿನವರು. ನುಗ್ಗು ಅಂದರೆ ನುಗ್ಗಿ ಸಾಯುತ್ತಿದ್ದರು. ಒಬ್ಬೊಬ್ಬನಿಗೂ ಒಂದೊಂದು ಸ್ವಭಾವ ಬೇಕೆಂದು ಅವಳು ದಿನಾ ಕೆಲಸಕ್ಕೆ ಬರುವ ರೈಲಿನ ಬಾಗಿಲಲ್ಲೇ ನಿಂತು ಜನರನ್ನು ನೋಡತೊಡಗಿದಳು. ಬೋಗಿಯೇ ನಡುಗುವಂತೆ ಕೂಗಾಡಿ, ಟಿಕೆಟ್ ಕೇಳುವವನು ಬಂದರೆ ಮೆಲ್ಲಗೆ ಜಾರುವ ಪೆರುಮಾಳ್ ಆಟದಲ್ಲಿ ಬಾಯಿಬಡುಕ ಸೇನಾಪತಿಯಾದ. ಯಾರು ತಳ್ಳಿದರೂ ಬುಟ್ಟಿ ಬಿಟ್ಟು ಕದಲದ ಹೂವಿನ ಮಂಗಮ್ಮ ಕೋಟೆ ಕಾಯುವವಳಾದಳು. ಅವರು ಹೊಸ ರೀತಿಯಲ್ಲಿ ಸೋಲುವುದನ್ನು ನೋಡಲು ನಾನೂ ಸಂಜೆ ಉಳಿಯತೊಡಗಿದೆ.

ಆ ಹೊತ್ತಿಗೆ ಅವಳ ತಾಯಿ ಆದಿಲಕ್ಷ್ಮಮ್ಮ ಒಂದು ಸಂಬಂಧ ತಂದರು. ಹುಡುಗ ಮಾರಿಕುಪ್ಪಂನ ಕೋದಂಡ, ಬಂಗಾರಪೇಟೆಯ ಹಾಲಿನ ಡೈರಿಯಲ್ಲಿ ಕೆಲಸ, ನಮ್ಮದೇ ರೈಲು. ಭಾನುವಾರದೊಳಗೆ ಉತ್ತರ ಹೇಳಬೇಕಿತ್ತು. ಕನಕಳಿಗೆ ಭಯ. ಅವಳ ಅಕ್ಕ ಒಂದು ಲೋಟ ಕಾಫಿ ಕೊಡುವಷ್ಟರಲ್ಲಿ ಗಂಡನ್ನು ನೋಡಿ ಒಪ್ಪಿ, ಈಗ ಕಣ್ಣೀರಲ್ಲಿ ಕೈತೊಳೆಯುತ್ತಿದ್ದಳು. ಅದಕ್ಕೇ ಕನಕ ಕೋದಂಡನನ್ನೂ ಸೇನಾಪತಿ ಮಾಡಿ ಪರೀಕ್ಷೆಗೆ ಇಳಿಸಿದಳು.

ನಮ್ಮ ರೈಲಿನಲ್ಲಿ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ಎಸೆದವನದು, ಬೇರೆ ಯಾರೂ ಮುಟ್ಟುವಂತಿಲ್ಲ. ಕೋದಂಡ ರೈಲು ಹೊರಡುವ ಮಾರಿಕುಪ್ಪಂನಲ್ಲೇ ತಾನೊಂದರಲ್ಲಿ ಕೂತು ಪಕ್ಕದ್ದಕ್ಕೆ ಟವೆಲ್ ಹಾಸುತ್ತಿದ್ದ. ಊರಿಗಾಂನಲ್ಲಿ ಕನಕ ಹತ್ತುವಾಗ ಅವನು ಕೇಳಿದವರನ್ನೆಲ್ಲ ಜನ ಬತ್ತಾರೆ ಎಂದು ಓಡಿಸುತ್ತಿರುತ್ತಿದ್ದ. ಆಮೇಲೆ ನೂಕುನುಗ್ಗಲಿನಲ್ಲಿ ಅವಳಿಗೆ ಅವನು ಕಾಣುತ್ತಿರಲಿಲ್ಲ. ಅವಳು ಅವನಿಗೆ ದುರಾಸೆಯನ್ನು ಧಾರಾಳವಾಗಿ ಕೊಟ್ಟಳು. ಆಟದಲ್ಲಿ ಅವನು ಕೋಟೆ ಗೆದ್ದು ಬಾಗಿಲು ಹಾಕಿಕೊಂಡ, ಅವನದೇ ಸೈನ್ಯ ಹೊರಗೆ ಸತ್ತಿತು. ಎಷ್ಟು ಸಲ ಆಡಿದರೂ ಅದೇ ಕತೆ. ಈ ಸಂಬಂಧ ಬೇಡ ಎಂದು ಹೇಳಿಬಿಡುತ್ತೇನೆ ಅಂದಳು. ಅವಳ ಮುಖ ಮಾತ್ರ ಬಾಡಿತ್ತು, ನನಗೂ ಸಂಕಟವಾಯಿತು.

ಮಾತು ತಿರುಗಿಸಲು ನನ್ನ ಕಾಲುನೋವಿನ ವಿಷಯ ತೆಗೆದೆ. ನಾನು ಊರಿಗಾಂ ದಾಟಿದ ಮೇಲೆ ಬರುವ ಕೋರಮಂಡಲದಲ್ಲಿ ಹತ್ತುವವಳು, ದೇವರ ದಯೆಯಿಂದ ನನಗೆ ದಿನಾ ಸೀಟು ಸಿಗುತ್ತೆ ಅಂದೆ.

"ನಾನು ಊರಿಗಾಂನಾಗೆ ಹತ್ತಿದ್ರೂ ಸೀಟಿರಲ್ಲ. ನಿಂಗೆಲ್ಲಿಂದ ಬತ್ತದೆ?"

"ಆ ಕೋದಂಡನೇ ಟವೆಲ್ ಎತ್ಕೊಂಡು, ಕೂತ್ಕೊಳ್ಳಿ ಅಂತಾನೆ."

ಕನಕ ಕಂಪ್ಯೂಟರಿನತ್ತ ತಿರುಗಿ ಆಟವನ್ನು ಮತ್ತೊಮ್ಮೆ ಆಡಿಸಿದಳು. ದುರಾಸೆಯವನು ಕಾದಿಟ್ಟ ಕೋಟೆಯನ್ನು ದಾರಿಹೋಕರಿಗೆ ಯಾಕೆ ಬಿಡುತ್ತಾನೆ? ಅವಳ ಲೆಕ್ಕಕ್ಕೆ ಅದು ಹೊಂದಲಿಲ್ಲ.

ಮಾರನೇ ದಿನ ನಾನು ಕೋರಮಂಡಲದಲ್ಲಿ ಹತ್ತಿ ಅಭ್ಯಾಸಬಲದಿಂದ ನನ್ನ ಸೀಟಿನತ್ತ ನಡೆದೆ. ಅಲ್ಲಿ ಕನಕ ಕೂತಿದ್ದಳು. ಕೋದಂಡ ಟವೆಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಬೆವರುತ್ತಿದ್ದ. ಈ ಸೀಟು ದಿನಾ ಯಾರಿಗೆ ಹಿಡಿಯುತ್ತೀರಿ ಎಂದು ಅವನನ್ನೇ ನೇರ ಕೇಳಿದೆ ಅಂತ ಅವಳು ಆಮೇಲೆ ಹೇಳಿದಳು. ಅವನು ಕೊಟ್ಟ ಉತ್ತರ ಇದು:

"ನಿಮ್ಗೇ ಇಡೀತಿದ್ದೆ. ನೀವು ಬಾಗ್ಲು ಬಿಟ್ಟು ಒಳಕ್ಕೆ ಬರ್ಲೇ ಇಲ್ವಲ್ಲ. ಕರೆಯಾಕೆ ನಾಚ್ಕೆ ಆಯ್ತು."

ನನ್ನನ್ನು ಕಂಡು ಇಬ್ಬರೂ ಕಿಟಕಿಯ ಕಡೆ ತಿರುಗಿದರು. ಅವತ್ತಿನಿಂದ ನಾನು ಬಂಗಾರಪೇಟೆವರೆಗೂ ನಿಂತೇ ಹೋಗಬೇಕಾಯಿತು.